ಆರು ಮುಖದ ರಾಡು, ಮೂರು ಜಾ ಚಕ್ಕು

ಮತ್ತಿಘಟ್ಟದ ಕಡೆಯಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಮೇ ತಿಂಗಳ ಕೊನೆಗೆ ಚೀಲಗಳು ಸದ್ದು ಮಾಡುತ್ತವೆ. ಒಳಗಿರುವುದು ಔಷಧಿ ಹೊಡೆಯುವ ಪಂಪಿನ ಗನ್ನು, ಥ್ರೆಡ್ ಹಾರಿದ ಹಿತ್ತಾಳೆ ನಿಪ್ಪಲ್ಲು, ಪೈಪಿನ ಬಾಯಿಗೆ ಕೂರದ ಯೂನಿಯನ್ನು. ಘಟ್ಟದ ಅಂಚಿನ ಊರುಗಳಲ್ಲಿ ಮಳೆ ಒಮ್ಮೆ ಹಿಡಿಯಿತೆಂದರೆ ಯಾವಾಗ ಬಿಟ್ಟೀತು ಎಂದು ಯಾರೂ ಹೇಳಲಾರರು. ಅದಕ್ಕೆ ಮೊದಲೇ ಕೊಳೆರೋಗ ತಡೆಯಲು ಅಡಿಕೆ ಕೊನೆಗಳಿಗೆ ಒಂದು ಸುತ್ತು ಬೋರ್ಡೋ ದ್ರಾವಣ ಬಿದ್ದಿರಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಹೇಗೋ ಸಿಕ್ಕ ದಿನವೇ ಪಂಪಿನ ಜೋಡಣೆ ಸೋರತೊಡಗುತ್ತದೆ ಎಂಬುದು ತೋಟವಿರುವ ಮನೆಗಳಲ್ಲೆಲ್ಲ ಗೊತ್ತಿರುವ ಸಂಗತಿ.

ಅಂಥದೊಂದು ಚೀಲದ ಬೆನ್ನು ಹಿಡಿದು ಶಿರಸಿಯ ಲೇತ್ ಶೆಡ್ಡೊಂದಕ್ಕೆ ಹೋದೆ. ಚೀಲದ ಯಜಮಾನರು ಮತ್ತಿಘಟ್ಟದ ತೋಟಿಗರು. ಹೊಸದಾಗಿ ಫೈಬರ್ ದೋಟಿ ತಂದಿದ್ದಾರೆ, ಮರ ಹತ್ತದೆ ನೆಲದ ಮೇಲೆ ನಿಂತೇ ಔಷಧಿ ಹೊಡೆಯುವುದಕ್ಕೆ. ದೋಟಿಯ ಬುಡದ ಥ್ರೆಡ್ಡು ಮಿಲಿಮೀಟರ್ ಲೆಕ್ಕದ್ದು, ಮನೆಯ ಹಳೆಯ ಪೈಪಿನ ತುದಿಯದ್ದು ಬ್ರಿಟಿಷ್ ಪೈಪ್ ಥ್ರೆಡ್ಡು, ಅರ್ಧ ಇಂಚಿನ ಬಿಎಸ್‌ಪಿ. ಒಂದರ ಹಲ್ಲಿನ ಕೋನ 60 ಡಿಗ್ರಿ, ಇನ್ನೊಂದರದ್ದು 55. ಎರಡು ಸುತ್ತು ತಿರುಗಿದಂತೆ ಮಾಡಿ ನಿಲ್ಲುತ್ತದೆ. ಒತ್ತಿ ತಿರುಗಿಸಿದರೆ ಎರಡೂ ಹಾಳು. ಅಂಗಡಿಯಲ್ಲಿ ಸಿದ್ಧ ಅಡಾಪ್ಟರು ಸಿಗಲಿಲ್ಲವಂತೆ.

ಶೆಡ್ಡಿನ ಬಾಗಿಲಲ್ಲೇ ರಾಡುಗಳ ಸ್ಟ್ಯಾಂಡು. ಗುಂಡು ರಾಡು, ಚೌಕದ ರಾಡು, ಬದಿಗೆ ಒರಗಿಸಿಟ್ಟ ಪೈಪು. ಹಿತ್ತಾಳೆಯವು ಮಾತ್ರ ಒಳಗೆ, ಮೇಸ್ತ್ರಿಯ ಕಣ್ಣಳತೆಯಲ್ಲಿ. ಹಿತ್ತಾಳೆಯ ಬೆಲೆ ಹಾಗಿದೆ. ಅವುಗಳಲ್ಲಿ ಹೆಚ್ಚಿನವು ಆರು ಮುಖದ ಹೆಕ್ಸ್ ರಾಡುಗಳು: 17, 19, 22, 24, 30 ಮಿಲಿಮೀಟರ್. ಈ ಅಂಕಿ ಎದುರುಬದುರು ಮುಖಗಳ ನಡುವಿನ ಅಂತರ, ಅಂದರೆ ಪಾನಾದ ಬಾಯಿಯ ಅಳತೆ. ಮೂಲೆಯಿಂದ ಮೂಲೆಗೆ ಅಳೆದರೆ ಅದಕ್ಕಿಂತ ಸುಮಾರು ನೂರಕ್ಕೆ ಹದಿನೈದೂವರೆ ಪಾಲು ಹೆಚ್ಚು ಬರುತ್ತದೆ. 24ರ ರಾಡಿನ ಮೂಲೆ ಅಳತೆ 27.7. ತಮಾಷೆಯೆಂದರೆ 22ರ ರಾಡಿನ ಮೂಲೆ ಅಳತೆ ಬಹುತೇಕ ಸರಿಯಾಗಿ 25.4, ಅಂದರೆ ಒಂದಿಂಚು.

ಗುಂಡು ರಾಡಿನಲ್ಲಿ ಅಡಾಪ್ಟರು ಮಾಡಬಾರದೆಂದಿಲ್ಲ. ಮಾಡಿದರೆ ಬಿಗಿಯಲು ಪೈಪ್ ರೆಂಚು ಬೇಕು, ಅದು ಹಿತ್ತಾಳೆಯ ಮೈ ಕಚ್ಚಿ ಕೆಡಿಸುತ್ತದೆ. ಗುಂಡಗೆ ತಿರುವಿ ಆಮೇಲೆ ಪಾನಾಕ್ಕೆಂದು ಮುಖ ಕೆತ್ತುವುದಾದರೆ ಮಿಲ್ಲಿಂಗ್ ಯಂತ್ರ ಬೇಕು, ಇಲ್ಲವೇ ಅರದ ಮುಂದೆ ಕೂತು ಮಧ್ಯಾಹ್ನ ಕಳೆಯಬೇಕು. ಮುಖಗಳು ಮೊದಲೇ ಇರುವ ರಾಡನ್ನು ತಂದು, ಬೇಕಾದ ಕಡೆ ಮಾತ್ರ ಗುಂಡಗೆ ಮಾಡಿಕೊಳ್ಳುವುದು ಜಾಣತನ. ಪ್ರಪಂಚದ ನಲ್ಲಿ, ಯೂನಿಯನ್ನು, ಗ್ಯಾಸ್ ನಿಪ್ಪಲ್ಲುಗಳಲ್ಲಿ ಬಹಳಷ್ಟು ಹುಟ್ಟುವುದು ಹೀಗೆಯೇ.

ಹಿತ್ತಾಳೆಯೇ ಯಾಕೆ ಎಂಬುದಕ್ಕೆ ಉತ್ತರ ತೋಟದಲ್ಲಿದೆ. ಶೇಕಡ ಒಂದರ ಬೋರ್ಡೋ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೇ ಎಂದು ನೋಡಲು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗು ಕೆಂಪಾದರೆ ಸುಣ್ಣ ಕಡಿಮೆ. ಆ ಕೆಂಪು ತಾಮ್ರದ್ದು. ತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಕತ್ತಿಯಲ್ಲಿ ಕ್ಷಣದಲ್ಲಿ ಕಾಣುವುದು ಕಬ್ಬಿಣದ ನಿಪ್ಪಲ್ಲಿನಲ್ಲಿ ಮಳೆಗಾಲವಿಡೀ ನಡೆಯುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣದ ಸಿಂಪಡಣೆಗೆ ದಾರಿ ಹಾಕಿದರು. ಮಲೆನಾಡಿಗೆ ಹಿತ್ತಾಳೆಯ ತುಣುಕುಗಳ ಹಂಗು ಅಂಟಿಕೊಂಡದ್ದರಲ್ಲಿ ಅವರ ಪಾಲೂ ಇದೆ ಅನ್ನಬಹುದು.

ಒಳಗೆ ಎರಡು ಲೇತುಗಳು. ಚಿಕ್ಕದು ಹೊಸತು. ದೊಡ್ಡದು ಹರಿಹರದ ಕಿರ್ಲೋಸ್ಕರ್. ಹಸಿರು ಬಣ್ಣ ಉಳಿದಿರುವುದು ಕೈ ತಾಗದ ಕಡೆ ಮಾತ್ರ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಉದ್ಯಮದ ಒಂದು ಕವಲು, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಹೆಸರಿನಲ್ಲಿ, ಹರಿಹರಕ್ಕೆ ಬಂತು. ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಅದರ ಲೇತುಗಳು ಮಾತ್ರ ರಾಜ್ಯದ ಸಣ್ಣ ಊರುಗಳಲ್ಲಿ ಇನ್ನೂ ತಿರುಗುತ್ತಿವೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಹುಟ್ಟಿದ ಎಚ್‌ಎಂಟಿಗೆ ಹೆಸರು ಹೆಚ್ಚು. ತಾಲೂಕಿನ ಶೆಡ್ಡುಗಳಲ್ಲಿ ಹರಿಹರದ್ದಕ್ಕೂ ಮರ್ಯಾದೆ ಕಡಿಮೆಯಿಲ್ಲ.

ಮೇಸ್ತ್ರಿ 24ರ ರಾಡು ಎತ್ತಿಕೊಂಡರು. ಅರ್ಧ ಇಂಚಿನ ಬಿಎಸ್‌ಪಿ ಎಂಬ ಹೆಸರನ್ನು ನಂಬಿ ಲೆಕ್ಕ ಹಾಕಿದವರು ಸೋಲುತ್ತಾರೆ. ಅರ್ಧ ಇಂಚು ಎಂಬುದು ಪೈಪಿನ ಒಳಗಿನ ಹಳೆಯ ಲೆಕ್ಕ. ಥ್ರೆಡ್ಡಿನ ಹೊರಗಿನ ಅಳತೆ 20.955 ಮಿಲಿಮೀಟರ್, ಇಂಚಿಗೆ 14 ಹಲ್ಲು. 22ರ ರಾಡಿನಲ್ಲಿ ಮಾಡಿದರೆ ವಾಷರು ಕೂರುವುದಕ್ಕೆ ಮುಖದ ಕಡೆ ಅರ್ಧ ಮಿಲಿಮೀಟರ್ ಮೆಟ್ಟಿಲು ಉಳಿಯುತ್ತದೆ, ಅಷ್ಟೇ. 24ರಲ್ಲಿ ಒಂದೂವರೆ.

ಇನ್ನು ಹಿಡಿಯುವ ಕೆಲಸ. ಲೇತಿನ ಮುಂದೆ ನಿಂತು ನೋಡುವವರಿಗೆ ಉಳಿ ಕೆತ್ತುವುದು, ಸುರುಳಿ ಹಾರುವುದು ಕಾಣುತ್ತದೆ. ಮೇಸ್ತ್ರಿಗೆ ಹೊತ್ತು ಹೋಗುವುದು ಅದಕ್ಕೆ ಮೊದಲು. “ಹಿಡಿಯೂದೇ ಕೆಲ್ಸ. ಕೆತ್ತೂದು ಆಮೇಲಿನ ಮಾತು,” ಎನ್ನುತ್ತ ಅವರು ರಾಡನ್ನು ಹಿಡಿದು ತಿರುಗಿಸುವ ಚಕ್ಕಿನ ಬಾಯನ್ನು ಬ್ರಷ್ಷಿನಿಂದ ಉಜ್ಜಿದರು. ಹಿಂದಿನ ಕೆಲಸದ ಪುಡಿ ಒಂದು ಚೂರು ಚಕ್ಕಿನ ಜಾ, ಅಂದರೆ ದವಡೆ, ಮತ್ತು ರಾಡಿನ ನಡುವೆ ಸಿಕ್ಕಿದರೆ ಸಾಕು, ರಾಡು ಓರೆಯಾಗಿ ಕೂರುತ್ತದೆ.

ಮೂರು ಜಾದ ಚಕ್ಕಿನೊಳಗೆ ಸುರುಳಿ ಗೀರಿನ ತಟ್ಟೆಯೊಂದಿದೆ. ಕೀಲಿ ತಿರುಗಿಸಿದರೆ ತಟ್ಟೆ ತಿರುಗಿ ಮೂರೂ ಜಾಗಳು ಒಂದೇ ಅಳತೆಯಲ್ಲಿ ಕೇಂದ್ರದ ಕಡೆ ಸರಿಯುತ್ತವೆ. ಜಾಗಳ ಬೆನ್ನಿಗೆ 1, 2, 3 ಎಂದು ಅಂಕಿ ಹೊಡೆದಿರುತ್ತದೆ. ತೆಗೆದು ಹಾಕುವಾಗ ಅದೇ ಕ್ರಮದಲ್ಲಿ ಹಾಕಬೇಕು, ತಪ್ಪಿದರೆ ಮೂರೂ ಮೂರು ದೂರದಲ್ಲಿ ನಿಲ್ಲುತ್ತವೆ. ಆರನ್ನು ಮೂರರಿಂದ ಭಾಗಿಸಬಹುದು ಎಂಬುದರಲ್ಲೇ ಹೆಕ್ಸ್ ರಾಡಿನ ಅದೃಷ್ಟವಿದೆ. ಒಂದು ಮುಖ ಬಿಟ್ಟು ಒಂದು ಮುಖದ ಮೇಲೆ ಮೂರು ಜಾಗಳು 120 ಡಿಗ್ರಿ ದೂರದಲ್ಲಿ ಚಪ್ಪಟೆಯಾಗಿ ಕೂರುತ್ತವೆ. ಗುಂಡು ರಾಡಿಗಿಂತಲೂ ಇದು ಭದ್ರ ಎಂಬುದು ಮೇಸ್ತ್ರಿಯ ಮತ. ಗುಂಡು ರಾಡು ಜಾರಿ ತಿರುಗಬಹುದು. ಮುಖಗಳ ಮೇಲೆ ಸರಿಯಾಗಿ ಕೂತ ಹೆಕ್ಸ್ ತಿರುಗಬೇಕಾದರೆ ಮೂಲೆಗಳು ಜಾಗಳನ್ನೇ ಹೊರಕ್ಕೆ ತಳ್ಳಬೇಕು.

ಆದರೆ ಅದೇ ಸಮಪಾಲಿನಲ್ಲಿ ಒಂದು ಮೋಸವೂ ಇದೆ. ಪಕ್ಕದಲ್ಲಿದ್ದ ಹುಡುಗನಿಗೆ “ತಮಾ, ನೀ ಹಿಡಿ ನೋಡ್ವಾ,” ಎಂದು ರಾಡು ಕೊಟ್ಟರು. ಹುಡುಗ ರಾಡು ತೂರಿಸಿ ಕೀಲಿ ಬಿಗಿದ. ಅಲುಗಲಿಲ್ಲ. ಕೈಯಲ್ಲಿ ಚಕ್ಕು ತಿರುಗಿಸಿದರೆ ಓಲಾಟವೂ ಇಲ್ಲ. ಮೇಸ್ತ್ರಿ ಪಾನಾ ಹಾಕಿ ಒಂದು ಎಳೆತ ಎಳೆದರು, ಟಕ್ಕೆಂದು ರಾಡು ಅರೆ ಮುಖದಷ್ಟು ತಿರುಗಿ ಸಡಿಲಾಗಿ ನೇತಾಡಿತು. ಆಗಿದ್ದಿಷ್ಟೆ: ಮೂರೂ ಜಾಗಳು ಮೂಲೆಗಳ ಮೇಲೆ ಕೂತಿದ್ದವು. ಒಂದು ಮೂಲೆಗೆ ಕೂತರೆ ಉಳಿದೆರಡೂ ಮೂಲೆಗೇ ಕೂರುತ್ತವೆ, ಹಾಗಾಗಿ ಕೇಂದ್ರ ತಪ್ಪುವುದಿಲ್ಲ, ಓಲಾಟ ಅಳೆಯುವ ಡಯಲ್ ಇಟ್ಟರೂ ಹಿಡಿತದ ದೋಷ ಹೊರಬೀಳುವುದಿಲ್ಲ. 24ರ ರಾಡಿನಲ್ಲಿ ಕೇಂದ್ರದಿಂದ ಮೂಲೆಗೆ 13.86 ಮಿಲಿಮೀಟರ್, ಮುಖಕ್ಕೆ 12. ಉಳಿ ತಾಗಿದೊಡನೆ ಮೂಲೆ ಜಾರಿ ಮುಖ ಬಂತೆಂದರೆ ಪ್ರತಿ ಜಾದ ಅಡಿಯಲ್ಲೂ ಸುಮಾರು ಎರಡು ಮಿಲಿಮೀಟರ್ ಖಾಲಿ. ನಿಮಿಷಕ್ಕೆ ಐನೂರು ಸುತ್ತು ತಿರುಗುತ್ತಿರುವಾಗ ಹಾಗಾದರೆ ರಾಡು ಎತ್ತ ಹಾರುತ್ತದೆಂದು ಹೇಳಲಾಗದು. ಆದ್ದರಿಂದ ಬಿಗಿಯುವ ಮೊದಲು ಜಾಗಳನ್ನು ಹಗುರಾಗಿ ತಾಗಿಸಿ, ರಾಡನ್ನು ಬೆರಳಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ಆಡಿಸಬೇಕು. ಮುಖ ಸಿಕ್ಕಾಗ ಬೆರಳಿಗೆ ತಿಳಿಯುತ್ತದೆ.

ಪಕ್ಕದ ಗೋಡೆಗೆ ನಾಲ್ಕು ಜಾದ ಚಕ್ಕು ಒರಗಿಸಿತ್ತು. ಅದರ ನಾಲ್ಕು ಜಾಗಳನ್ನೂ ಬೇರೆಬೇರೆಯಾಗಿ ಸರಿಸಬಹುದು. ಚೌಕದ ತುಂಡಿಗೆ, ವಕ್ರ ಎರಕಕ್ಕೆ ಅದೇ ಬೇಕು. ಹೆಕ್ಸಿಗೆ ಮಾತ್ರ ಅದು ಹೊಂದದು. ಎದುರುಬದುರು ಎರಡು ಜಾ ಮುಖದ ಮೇಲೆ ಕೂತರೆ ಉಳಿದೆರಡು ಸರಿಯಾಗಿ ಮೂಲೆಯ ಮೊನೆಗೆ ಬರುತ್ತವೆ. ಬೇರೆ ದಾರಿ ಇಲ್ಲದಾಗ ಆ ಮೂಲೆಗಳಿಗೆ ಮೂಲೆಯಾಕಾರದ ತೋಡು ತೆಗೆದ ಅಲ್ಯೂಮಿನಿಯಂ ತುಂಡು ಕೊಟ್ಟು ಹಿಡಿಯುತ್ತಾರೆ. ಆರು ಜಾದ ಚಕ್ಕೂ ಬರುತ್ತದೆ. ಹೆಕ್ಸಿಗೆ ಸೊಗಸು, ಬೆಲೆಯೂ ಹಾಗೇ. ಈ ಶೆಡ್ಡಿನಲ್ಲಿ ಇಲ್ಲ.

ಹಳೆಯ ಚಕ್ಕಿನ ಇನ್ನೊಂದು ಕಾಯಿಲೆಯನ್ನು ಅವರು ಕಾಗದದ ಚೂರಿನಲ್ಲಿ ತೋರಿಸಿದರು. ಜಾ ಮತ್ತು ರಾಡಿನ ನಡುವೆ ಮುಂಬದಿಯಲ್ಲೊಂದು, ಹಿಂಬದಿಯಲ್ಲೊಂದು ಕಾಗದದ ಪಟ್ಟಿ ಇಟ್ಟು ಬಿಗಿದರು. ಹಿಂದಿನದು ಎಳೆದರೆ ಹರಿಯಿತು, ಮುಂದಿನದು ಸಲೀಸಾಗಿ ಹೊರಬಂತು. ವರ್ಷಗಟ್ಟಲೆ ತುದಿಯಲ್ಲೇ ಸಣ್ಣ ತುಂಡುಗಳನ್ನು ಹಿಡಿದು ಹಿಡಿದು ಜಾಗಳ ಮುಂಬಾಯಿ ಸವೆದು ಅಗಲಿದೆ. ಮುಂದಿನ ಹಲ್ಲು ಬಿದ್ದ ಅಜ್ಜ ಹೋಳಡಿಕೆಯನ್ನು ಒಳಗಿನ ದವಡೆಗೆ ಸರಿಸಿಕೊಂಡು ಕಡಿಯುವಂತೆ ಚಕ್ಕು ಆಳದಲ್ಲಷ್ಟೇ ಕಚ್ಚುತ್ತದೆ. ರಾಡಿನ ಹೊರತುದಿಗೆ ಉಳಿ ಒತ್ತಿದಾಗ ಅದು ಒಳಗೇ ಅಲ್ಲಾಡುತ್ತದೆ. ಗ್ರೈಂಡರಿನಲ್ಲಿ ಜಾಗಳ ಬಾಯಿ ಉಜ್ಜಿ ಸರಿ ಮಾಡಿಸಬಹುದು. ಅದೂ ಜಾಗಳನ್ನು ಒಂದು ಉಂಗುರದ ಮೇಲೆ ಬಿಗಿದಿಟ್ಟು, ಕೆಲಸದ ಒತ್ತಡ ಇದ್ದಂತೆಯೇ ಮಾಡಬೇಕು. ಸದ್ಯಕ್ಕೆ ಇವರ ಉಪಾಯ ಸರಳ: ದೊಡ್ಡ ಲೇತಿನಲ್ಲಿ ರಾಡನ್ನು ಜಾಗಳ ಪೂರ್ತಿ ಉದ್ದಕ್ಕೂ ಒಳಗೆ ಬಿಟ್ಟೇ ಹಿಡಿಯುವುದು, ಹೊರಗೆ ಬೇಕಾದಷ್ಟೇ ಚಾಚುವುದು. ರಾಡಿನ ದಪ್ಪದ ಮೂರು ಪಟ್ಟಿಗಿಂತ ಹೆಚ್ಚು ಚಾಚಬೇಕಾದರೆ ತುದಿಗೆ ಆಸರೆಯಾಗಿ ಟೇಲ್‌ಸ್ಟಾಕಿನ ಸೆಂಟರು ಕೊಡದೆ ಅವರು ಕೈ ಹಾಕುವುದಿಲ್ಲ.

ಹಿತ್ತಾಳೆ ಮೆತ್ತಗೆ. ಜಾದ ಗೀರು ಮುಖದ ಮೇಲೆ ಮೂಡಿದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಅದಕ್ಕೆ ತಾಮ್ರದ ತಗಡಿನ ಮೂರು ಪಟ್ಟಿಗಳನ್ನು ಎಲ್ ಆಕಾರಕ್ಕೆ ಬಗ್ಗಿಸಿ ಜಾಗಳಿಗೆ ಸಿಕ್ಕಿಸಿದ್ದರು. ಮೂರೂ ಒಂದೇ ಹಾಳೆಯಿಂದ ಕತ್ತರಿಸಿದವು. ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಕೇಂದ್ರ ಅಷ್ಟು ಸರಿಯುತ್ತದೆ.

ಲೇತಿನ ಹಿಂಬದಿಗೂ ಹೋಗಿ ನೋಡಬೇಕು. ಉದ್ದ ರಾಡು ಚಕ್ಕಿನ ಮೂಲಕ, ಹೆಡ್‌ಸ್ಟಾಕಿನ ಕೊಳವೆ ದಾಟಿ, ಹಿಂದೆ ಚಾಚಿಕೊಂಡಿರುತ್ತದೆ. ಮುಂದೆ ಎಷ್ಟು ಬಿಗಿ ಹಿಡಿದರೂ ಹಿಂಬದಿ ಅಂಡಲೆಯುತ್ತಿದ್ದರೆ ರಾಡು ಕೊಳವೆಯ ಗೋಡೆಗೆ ಬಡಿಯುತ್ತ ಹಿಡಿತವನ್ನು ಸಡಿಲಿಸುತ್ತದೆ. ಹೊರಗೆ ಹೆಚ್ಚು ಚಾಚಿದ್ದರಂತೂ ವೇಗಕ್ಕೆ ಬಾಗಿ, ಬಾಗಿದ್ದು ಇನ್ನಷ್ಟು ಬಾಗಿ, ಅಡ್ಡಕ್ಕೆ ಮುರಿದು ಚಾಟಿಯ ಹಾಗೆ ಬೀಸುತ್ತದೆ. ಆ ಬದಿಯಲ್ಲಿ ಯಾರಾದರೂ ನಿಂತಿದ್ದರೆ ಉಳಿಗಾಲವಿಲ್ಲ. ಇಲ್ಲಿ ಕೊಳವೆಯ ಹಿಂಬಾಯಿಗೆ ಮರದ ಬುಶ್ಶು ಕೂರಿಸಿದ್ದಾರೆ: ಹೊರಗೆ ಗುಂಡು, ಒಳಗೆ ರಾಡಿನ ಮೂಲೆ ಅಳತೆಗೆ ತಕ್ಕ ತೂತು. ಒಂದೊಂದು ಸೈಜಿಗೆ ಒಂದೊಂದು, ಮೊಳೆಗೆ ನೇತುಹಾಕಿವೆ. ಕೊಳವೆಯಿಂದ ಹೊರಬರುವಷ್ಟು ಉದ್ದದ ರಾಡನ್ನು ಮೊದಲೇ ಕತ್ತರಿಸುತ್ತಾರೆ. ತುದಿ ಕತ್ತರಿಸಿದಲ್ಲೆಲ್ಲ ಹಿತ್ತಾಳೆ ಸ್ವಲ್ಪ ವ್ಯರ್ಥವಾಗುತ್ತದೆ, ಜೀವಕ್ಕಿಂತ ಅಗ್ಗ.

ಯಂತ್ರ ಶುರುವಾಯಿತು. ಹೆಕ್ಸನ್ನು ಗುಂಡಗೆ ಮಾಡುವಾಗ ಉಳಿಗೆ ಮೊದಲು ಸಿಗುವುದು ಮೂಲೆಗಳು ಮಾತ್ರ. ಒಂದು ಸುತ್ತಿಗೆ ಆರು ಪೆಟ್ಟು. ಐನೂರು ಸುತ್ತಿಗೆ ಮೂರು ಸಾವಿರ ಪೆಟ್ಟು, ಅಂದರೆ ಸೆಕೆಂಡಿಗೆ ಐವತ್ತು. ನಮ್ಮ ಕರೆಂಟಿನ ಮಿಡಿತವೂ ಸೆಕೆಂಡಿಗೆ ಐವತ್ತೇ. ಲೇತಿನ ಗುಡುಗೂ ಮೋಟಾರಿನ ಗುಂಯ್‌ಗುಟ್ಟುವಿಕೆಯೂ ಒಂದರೊಳಗೊಂದು ಬೆರೆತು ಕೇಳಿಸುತ್ತವೆ. ಹಿಡಿತದ ನಿಜವಾದ ಪರೀಕ್ಷೆ ಈ ಘಟ್ಟದಲ್ಲೇ. ಒಂದೇ ಸಮನೆ ಒತ್ತುವುದಕ್ಕಿಂತ ಬಡಿಯುತ್ತ ಒತ್ತುವುದು ಎಂಥ ಬಿಗಿಯನ್ನೂ ಬೇಗ ಸಡಿಲಿಸುತ್ತದೆ. ಕಾರ್ಬೈಡ್ ಟಿಪ್ಪಿನ ಮೂತಿಯೂ ಇಲ್ಲೇ ಒಡೆಯುವುದು. ಅದಕ್ಕೇ ಮೇಸ್ತ್ರಿ ತಾವೇ ಸಾಣೆ ಹಿಡಿದ ಹೈಸ್ಪೀಡ್ ಉಳಿ ಹಾಕಿದ್ದರು. ಅದರ ನೆತ್ತಿ ಇಳಿಜಾರಿಲ್ಲದೆ ಮಟ್ಟಸ. ಹಿತ್ತಾಳೆಗೆ ಇಳಿಜಾರಿನ ಉಳಿ ಕೊಟ್ಟರೆ ಅದು ತಾನಾಗಿ ಒಳಕ್ಕೆ ಎಳೆದುಕೊಂಡು ಕಚ್ಚುತ್ತದೆ. ಕಚ್ಚಿದಾಗ ರಾಡು ಚಕ್ಕಿನಿಂದ ಕಿತ್ತುಬರುವುದೂ ಉಂಟು.

ಕೆಲವು ಸಲ ಉಳಿ ಓಡಿದ ಮೇಲೆ ಸದ್ದು ಬದಲಾಯಿತು. ಟರಟರ ನಿಂತು ಸುಯ್ಯೆನ್ನತೊಡಗಿತು. ನೋಡದೆಯೇ ತಿಳಿಯಬಹುದು, ಉಳಿ ಕೇಂದ್ರದಿಂದ 12 ಮಿಲಿಮೀಟರಿಗಿಂತ ಒಳಗೆ ಬಂದಿದೆ, ಮುಖಗಳೆಲ್ಲ ಅಳಿದು ರಾಡು ಪೂರ್ತಿ ಗುಂಡಾಗಿದೆ. ಅಲ್ಲಿಯವರೆಗೆ ನಿಧಾನ, ಅಲ್ಲಿಂದ ಮುಂದೆ ಮೇಸ್ತ್ರಿಯ ಕೈಯೂ ಭುಜವೂ ಸಡಿಲಾದವು. ಹಲ್ಲು ಕೆತ್ತಿ, ನಡುವೆ ತೂತು ಕೊರೆದು, ಎಲ್ಲವನ್ನೂ ಒಂದೇ ಹಿಡಿತದಲ್ಲಿ ಮುಗಿಸಿದರು. ಹಾಗೆ ಮುಗಿಸಿದ್ದಕ್ಕೆ ಕಾರಣವಿದೆ. ಹಳೆಯ ಮೂರು ಜಾ ಚಕ್ಕು ರಾಡನ್ನು ಹತ್ತನೇ ಒಂದು ಮಿಲಿಮೀಟರಿನಷ್ಟು ಓರೆ ಹಿಡಿದಿದ್ದರೂ ಒಂದೇ ಹಿಡಿತದಲ್ಲಿ ಆದ ಥ್ರೆಡ್ಡೂ ತೂತೂ ತಮ್ಮೊಳಗೆ ಒಂದೇ ಕೇಂದ್ರದಲ್ಲಿರುತ್ತವೆ. ಹೊರಗಿನ ಆರು ಮುಖ ಅಷ್ಟು ಆಚೀಚೆಯಾದರೆ ಪಾನಾಕ್ಕೆ ಅದರ ಪರಿವೆಯಿಲ್ಲ.

ಮೂಲೆಗಳ ಚೂಪನ್ನು 30 ಡಿಗ್ರಿ ಓರೆಯಲ್ಲಿ ಸವರಿದಾಗ ಪ್ರತಿ ಮುಖದ ಅಂಚಿಗೂ ಒಂದೊಂದು ಬಿಲ್ಲು ಮೂಡಿತು. ಯಾವ ನಟ್ಟನ್ನು ನೋಡಿದರೂ ಕಾಣುವ ಬಿಲ್ಲು. ಉಳಿ ಕೆತ್ತುವುದು ಶಂಕುವನ್ನು, ಮುಖ ಅಕ್ಷಕ್ಕೆ ಸಮಾನಾಂತರ. ಎರಡೂ ಕೂಡಿದಲ್ಲಿ ಬರುವ ಗೆರೆ ಕಾಲೇಜಿನಲ್ಲಿ ಕಾಟ ಕೊಟ್ಟ ಅತಿಪರವಲಯ. ಹೇಳಿದೆ. ಮೇಸ್ತ್ರಿ ತಲೆಯಾಡಿಸಿ, “ಇರೂಕೂ ಸಾಕು,” ಎಂದರು.

ಕತ್ತರಿಸಿ ಬಿಟ್ಟ ತುಂಡಿನ ಇನ್ನೊಂದು ತುದಿಗೆ ಮಿಲಿಮೀಟರ್ ಥ್ರೆಡ್ಡು ಬೇಕಲ್ಲ. ತುಂಡನ್ನು ತಿರುಗಿಸಿ ಹಿಡಿಯಬೇಕು. ಮುಖಗಳ ಉದ್ದ ಈಗ ಉಳಿದಿರುವುದು ಬೆರಳಗಲ. ಜಾಗಳ ಸವೆದ ಮುಂಬಾಯಿಗೆ ಅದನ್ನು ಕೊಡುವುದೆಂದರೆ ನೆಚ್ಚಿಕೆಯಿಲ್ಲ. ಮೇಸ್ತ್ರಿ ಡ್ರಾದಿಂದ ಗುಂಡು ಕಬ್ಬಿಣದ ತುಂಡು ತೆಗೆದು ಚಕ್ಕಿಗೆ ಬಿಗಿದು, ಅಲ್ಲಿಯೇ ಅದರೊಳಗೆ ಅರ್ಧ ಇಂಚಿನ ಹೆಣ್ಣು ಥ್ರೆಡ್ಡು ಕೆತ್ತಿದರು. ಈಗಷ್ಟೇ ಆದ ಅಡಾಪ್ಟರನ್ನು ಅದಕ್ಕೆ ತಿರುಪಿ ಕೂರಿಸಿದರು. ಆ ಥ್ರೆಡ್ಡು ಅದೇ ಚಕ್ಕಿನಲ್ಲಿ, ಕಳಚದೆ ಆದದ್ದು, ಆದ್ದರಿಂದ ಓಲಾಟಕ್ಕೆ ಆಸ್ಪದವಿಲ್ಲ. ಲೇತು ತಿರುಗುವ ದಿಕ್ಕಿಗೆ ಉಳಿಯ ಒತ್ತಡ ಅಡಾಪ್ಟರನ್ನು ಇನ್ನೂ ಬಿಗಿಯುತ್ತ ಹೋಗುತ್ತದೆ. ಬಿಚ್ಚುವಾಗ ಆರು ಮುಖಕ್ಕೆ ಪಾನಾ ಹಾಕಿದರಾಯಿತು. ನನಗೆ ಇಡೀ ಹೊತ್ತಿನಲ್ಲಿ ಅತಿ ಹೆಚ್ಚು ಮೆಚ್ಚಿಗೆಯಾದ ಕೆಲಸ ಇದು. ಹಿಡಿಯಲು ಜಾಗವಿಲ್ಲದ ತುಂಡಿಗೆ ಅದರ ಥ್ರೆಡ್ಡನ್ನೇ ಹಿಡಿಕೆ ಮಾಡಿಕೊಂಡದ್ದು.

ಪೀಣ್ಯದ ಕಾರ್ಖಾನೆಗಳಲ್ಲಿ, ಹಿತ್ತಾಳೆ ಬಿಡಿಭಾಗಗಳಿಗೆ ಹೆಸರಾದ ಗುಜರಾತಿನ ಜಾಮ್‌ನಗರದಲ್ಲಿ ಇಂಥ ತುಂಡುಗಳು ರಾಶಿಗಟ್ಟಲೆ ಬೀಳುತ್ತವೆ. ಅಲ್ಲಿ ಚಕ್ಕಿನ ಬದಲು ಕಾಲೆಟ್ಟು: ಒಳಗೆ ಆರು ಮುಖದ್ದೇ ತೂತಿರುವ, ಸೀಳು ಬಿಟ್ಟ ಉಕ್ಕಿನ ಕೊಳವೆ. ಹಿಂದಿನಿಂದ ಎಳೆದರೆ ಆರೂ ಮುಖಗಳನ್ನು ಒಮ್ಮೆಗೇ ಅಪ್ಪುತ್ತದೆ. ಗುಂಡು ತೂತಿನ ಕಾಲೆಟ್ಟಿಗೆ ಹೆಕ್ಸ್ ಹಾಕಿದರೆ ಮೂಲೆಗಳಷ್ಟೇ ತಾಗಿ, ರಾಡೂ ಕೆಟ್ಟು ಕಾಲೆಟ್ಟೂ ಕೆಡುತ್ತದೆ. ಕಾಲೆಟ್ಟು ಒಂದು ಸೈಜಿಗೆ ಒಂದೇ. ಇಂದು 24, ನಾಳೆ 19, ನಾಡಿದ್ದು ಟಿಲ್ಲರಿನ ಆಕ್ಸಲ್ಲು ಬರುವ ಈ ಶೆಡ್ಡಿಗೆ ಚಕ್ಕೇ ಸರಿ. ನಡುದಾರಿಯಾಗಿ ಮೇಸ್ತ್ರಿಯ ಬಳಿ ಸೀಳು ಬುಶ್ಶೊಂದಿದೆ. ಬಾಕ್ಸ್ ಪಾನಾದ ಹಳೆಯ ಸಾಕೆಟ್ಟಿನ ಹೊರಮೈಯನ್ನು ಗುಂಡಗೆ ಉಜ್ಜಿ, ಒಂದು ಬದಿ ಗ್ರೈಂಡರಿನಲ್ಲಿ ಸೀಳಿದ್ದು. ಮೂಲೆ ಸವೆಯಬಾರದ ನಯದ ಕೆಲಸ ಬಂದಾಗ ರಾಡನ್ನು ಅದರೊಳಗಿಟ್ಟು ಚಕ್ಕಿಗೆ ಕೊಡುತ್ತಾರೆ. ಅಂಗಡಿಯಲ್ಲಿ ಸಿಗುವ ಸಾಕೆಟ್ಟುಗಳಲ್ಲಿ ಹನ್ನೆರಡು ಮೂಲೆಯವೂ ಇರುತ್ತವೆ, ಅವು ಇದಕ್ಕೆ ಬಾರವು.

ತೋಟಿಗರು ಅಡಾಪ್ಟರನ್ನು ದೋಟಿಗೆ ಒಮ್ಮೆ, ಪೈಪಿಗೆ ಒಮ್ಮೆ ತಿರುಪಿ ನೋಡಿ ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಜೀಪಿನಿಂದ ಇಳಿದ ಇನ್ನೊಬ್ಬರು ಮೇಜಿನ ಮೇಲೆ ದೊಡ್ಡ ನಟ್ಟೊಂದನ್ನು ಇಟ್ಟರು. ಅಳತೆ ತಪ್ಪಿದ ಪಾನಾ ಹಾಕಿ ಹಾಕಿ ಆರು ಮೂಲೆಗಳೂ ಗುಂಡಾಗಿದ್ದವು. ಒಳಗಿನ ಥ್ರೆಡ್ಡೂ ಅರ್ಧ ಹೋಗಿತ್ತು.

“ಇದ್ನೇ ಸರಿ ಮಾಡಿ ಕೊಡ್ರಲ, ಮೇಸ್ತ್ರೀ.”

ಮೇಸ್ತ್ರಿ ನಟ್ಟನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು. “ಹೊರಗೂ ಹಿಡಿಯೂಕೆ ಇಲ್ಲ, ಒಳಗೂ ಇಲ್ಲ ಮಾರಾಯ್ರೇ. ಮೂವತ್ತರ ರಾಡು ಇದ್ದು, ಹೊಸದೇ ಮಾಡ್ವಾ. ಕರೆಂಟು ಇದ್ರೆ ಸಂಜಿಗೆ ಬನ್ನಿ,” ಎಂದು ಚಕ್ಕಿನಲ್ಲಿ ಉಳಿದಿದ್ದ ಕೀಲಿಯನ್ನು ಮೊದಲು ತೆಗೆದು ಮೊಳೆಗೆ ಹಾಕಿ, ರಾಡು ಅಳೆಯಲು ಹೋದರು.